ಅತ್ತೆಯ ಹನ್ನೆರಡು ಚದರ ಮೀಟರ್

ಅಣ್ಣನ ಎದುರು ಬಾಯಿ ಬಿಡುವ ಧೈರ್ಯ ನಕ್ಷೆಗಾರನಿಗೆ ನಲವತ್ತು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ. ಊರವರ ಮನೆಗಳನ್ನೆಲ್ಲ ಕಂಪ್ಯೂಟರಿನಲ್ಲಿ ಎಬ್ಬಿಸಿ ನಿಲ್ಲಿಸುವ ಮಹಾಶಯ, ತಮ್ಮದೇ ಹೊಸ ಮನೆಯ ವಿಷಯ ಬಂದಾಗ ಅಣ್ಣ ಹೇಳಿದ್ದಕ್ಕೆಲ್ಲ ಗೋಣು ಆಡಿಸಿದ.

"ಅತ್ತೆಗೆ ಬೇರೆ ಕೋಣೆ ಯಾಕೋ? ಹಜಾರದ ಮೂಲೇಲಿ ಒಂದು ಮಂಚ ಹಾಕಿದ್ರಾಯ್ತು" ಎಂದು ಅಣ್ಣ ಅಂದಾಗಲೂ ಗೋಣು ಆಡಿತು. ತಾಯಿಯಿಲ್ಲದ ಇಬ್ಬರನ್ನೂ ಸಾಕಿದ ಸೋದರತ್ತೆ ಆಕೆ. ಆದರೂ ನಕ್ಷೆಗಾರ ಕೋಣೆಯನ್ನೂ ಗೋಡೆಯನ್ನೂ ಅಳಿಸಿದ.

ಆದರೆ ಅವನ ತಂತ್ರಾಂಶಕ್ಕೆ ಮರೆವೆಂಬುದಿಲ್ಲ. ನಕ್ಷೆಯಿಂದ ಹೋದ ಕೋಣೆ ಅದರ ಕೋಣೆಗಳ ಪಟ್ಟಿಯಲ್ಲಿ ಹಾಗೇ ಕೂತಿರುತ್ತದೆ. ಹಜಾರ, ಅಡುಗೆಮನೆ, ಮಲಗುವ ಕೋಣೆಗಳ ಮುಂದೆಲ್ಲ ವಿಸ್ತೀರ್ಣ. 'ಅತ್ತೆಯ ಕೋಣೆ' ಎಂಬುದರ ಮುಂದೆ ಮಾತ್ರ 'ಎಲ್ಲೂ ಇಟ್ಟಿಲ್ಲ' ಎಂದಿತ್ತು. ಅಲ್ಲಿಂದಲೂ ತೆಗೆಯಲು ಇನ್ನೊಂದು ಸಲ ಗುಂಡಿ ಒತ್ತಬೇಕಿತ್ತು. ಬೆರಳು ಏಳಲಿಲ್ಲ. ಅಂಕಿಯ ಜಾಗದಲ್ಲಿ ಮಾತಿದ್ದರೆ ಒಟ್ಟು ಮೊತ್ತ ಬಾರದು. ಹಾಗಾಗಿ ಪಟ್ಟಿ ಮುದ್ರಿಸುವಾಗ ಆ ಕೋಣೆಗೆ ಮೊದಲಿದ್ದ ಹನ್ನೆರಡನ್ನೇ ಕೈಯಾರೆ ತುಂಬಿದ. ಒಟ್ಟು ನೂರೆಂಟು ಚದರ ಮೀಟರ್. ನಗರಸಭೆ ಕಣ್ಣು ಮುಚ್ಚಿ ಮೊಹರು ಒತ್ತಿತು.

ಮನೆ ಎದ್ದಿತು, ಸಂಸಾರ ಬಂದಿಳಿಯಿತು. ನಲ್ಲಿಗೆ ನೀರು ಬಿಡುವ ಮುನ್ನ ಅಳತೆ ಅಧಿಕಾರಿ ಟೇಪು ಹಿಡಿದು ಬಂದ. ಎಷ್ಟು ಸಲ ಅಳೆದರೂ ತೊಂಬತ್ತಾರೇ.

"ಒಂದು ಕೋಣೆ ಕಾಣಿಸ್ತಿಲ್ಲ" ಎಂದ.

"ಇಲ್ಲದ್ದು ಹೇಗೆ ಕಾಣ್ಸುತ್ತೆ ಸಾರ್?" ಅಣ್ಣ ಹಲ್ಲು ಕಿರಿದ.

"ಪಟ್ಟಿಲಿದೆ ಅಂದ್ಮೇಲೆ ಇರ್ಲೇಬೇಕು. ಕೋಣೆ ಕುಗ್ಗಬಹುದು ಸ್ವಾಮಿ, ಕಾಣೆಯಾಗೋ ಹಾಗಿಲ್ಲ."

ಅಧಿಕಾರಿ ಬೀರುವಿನ ಬಾಗಿಲು ತೆಗೆದು ನೋಡಿದ. ಮೆಟ್ಟಿಲ ಕೆಳಗೆ ಬಗ್ಗಿ ನೋಡಿದ. ನೀರಿಲ್ಲದ ತೊಟ್ಟಿಗೆ ಇಳಿದು "ಯಾರಾದ್ರೂ ಇದೀರಾ?" ಎಂದು ಕೂಗಿದ. ಕೊನೆಗೆ ಹಜಾರದ ಮೂಲೆಯ ಮಂಚದ ಮೇಲೆ ಕೂತಿದ್ದ ಅತ್ತೆಯನ್ನು ಕೇಳಿದ: "ಅಮ್ಮಾ, ನಿಮ್ಮ ಕೋಣೆ ಎಲ್ಲಿ?"

"ನನ್ನನ್ನ ಕೇಳಿದ್ರೆ? ಕಳೆದವರನ್ನ ಕೇಳಿ."

ಅಧಿಕಾರಿ ಜೇಬಿನಿಂದ ಸೀಮೆಸುಣ್ಣ ತೆಗೆದ. ಅತ್ತೆಯ ಸುತ್ತ ಮೂರು ಮೀಟರ್ ಅಗಲ, ನಾಲ್ಕು ಮೀಟರ್ ಉದ್ದದ ಗೆರೆ ಎಳೆದ. ಕಿಟಕಿ ಅತ್ತೆಯ ಪಾಲಾಯಿತು, ಟಿವಿಯೂ. ಅಣ್ಣ ಕೂತಿದ್ದ ಸೋಫಾ ಸರಿಯಾಗಿ ಅರ್ಧಕ್ಕೆ ಹಂಚಿಹೋಯಿತು.

"ಇಲ್ಲಿ ಗೋಡೆ ಎದ್ದ ಮೇಲೆ ನೀರು. ಅಲ್ಲೀವರೆಗೆ ಗೆರೇನೇ ಗೋಡೆ. ಕೇಳದೆ ದಾಟಿದ್ರೆ ಅತಿಕ್ರಮಣ. ನಿಮ್ಮ ಎಡಗಾಲು ಈಚೆ ತಗೊಳ್ಳಿ."

ಅಣ್ಣ ಕಾಲನ್ನೇನೋ ತೆಗೆದ, ಮುಖ ಮಾತ್ರ ಕೆಂಡವಾಗಿತ್ತು. "ಯಾವನು ತುಂಬಿದ್ದೋ ಈ ಹನ್ನೆರಡು?"

"ನಾನೇ ಅಣ್ಣ. ಬೇಕಂತಲೇ" ಎಂದ ನಕ್ಷೆಗಾರ. ಬೇಕಂತಲೇ ಎಂಬುದು ಹಸಿ ಸುಳ್ಳು. ಆದರೆ ಬಾಯಿಂದ ಹೊರಬಿದ್ದ ಮೇಲೆ ಅದೇ ನಿಜವೆನ್ನಿಸಿ, ಅವನಿಗೆ ಎದೆ ಹಗುರಾಯಿತು. ಅಣ್ಣ ಸೋಫಾದ ತನ್ನ ಅರ್ಧಕ್ಕೆ ಸರಿದು ಕೂತ.

ಇಷ್ಟಾದ ಮೇಲೆ ಅತ್ತೆ ತನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ತಲೆ ಸವರುತ್ತಾಳೆ ಎಂದುಕೊಂಡು ನಕ್ಷೆಗಾರ ಗೆರೆಯ ತನಕ ಹೋಗಿ ನಿಂತ.

"ಅತ್ತೆ, ಒಳಗೆ ಬರ್ಲಾ?"

ಅತ್ತೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಅಳಿಸಿದ್ದೂ ನೀನೇ ಅಲ್ವೇನೋ?"

"ಹೂಂ."

"ಗೋಡೆ ಎದ್ದ ಮೇಲೆ ಬಾ. ಬಾಗಿಲು ತಟ್ಟಿ ಬಾ."