ಒಗೆಯುವ ಕಲ್ಲು

"ಏ ಮುಂಡೆ, ಕಲ್ಲೇನು ನಿನ್ನ ಕೂಸಾ, ಎದೆಗವುಚಿಕೊಂಡು ನಿಂತಿದ್ದೀಯಲ್ಲ? ದಾಟಿಸೇ ಈಚೆ."

ಮೇಸ್ತ್ರಿ ಕಟ್ಟೆಯ ಮೇಲಿಂದ ಕೂಗಿದ. ಅವಳು ಕದಲಲಿಲ್ಲ. ಟ್ರ್ಯಾಕ್ಟರಿನಿಂದ ನೀರಿನಂಚಿನವರೆಗೆ ಹೆಂಗಸರು ಸಾಲಾಗಿ ನಿಂತು ಕೈಯಿಂದ ಕೈಗೆ ಕಲ್ಲು ದಾಟಿಸುತ್ತಿದ್ದರು. ಹಳೆಯ ಅಣೆಕಟ್ಟೆಯ ಒಳಮೈಗೆ ಹೊದಿಸಿದ್ದ ಕಲ್ಲುಗಳನ್ನು ನಿನ್ನೆಯ ಬಿರುಗಾಳಿ ಕಿತ್ತು ನುಂಗಿತ್ತು. ಈಗ ಒಂದೊಂದು ಅಲೆಯೂ ಬರಿ ಮಣ್ಣನ್ನು ನೆಕ್ಕಿ ಕೆಂಪಾಗಿ ಹಿಂತಿರುಗುತ್ತಿತ್ತು. ಸಂಜೆಯೊಳಗೆ ಇನ್ನೊಂದು ಬಿರುಗಾಳಿ ಎಂದು ರೇಡಿಯೊ ಹೇಳಿತ್ತು. ಕಟ್ಟೆಯ ಕೆಳಗೆ ಮೊದಲು ಸಿಗುವುದೇ ಕೂಲಿಗಳ ಗುಡಿಸಲುಗಳು. ಅಲ್ಲಿ ಅವಳ ಮಗಳು ಜ್ವರದಲ್ಲಿ ಮಲಗಿದ್ದಳು.

ಕೈಯಲ್ಲಿದ್ದ ಕಲ್ಲಿನ ನಡುವೆ ಸವೆದು ತಗ್ಗಾದ ಜಾಗಕ್ಕೆ ಅವಳ ಅಂಗೈ ತಾನಾಗಿ ಹೋಗಿ ಕೂತಿತ್ತು. ಮದುವೆಯಾಗಿ ಬಂದಾಗಿನಿಂದ ಆ ತಗ್ಗಿನಲ್ಲೇ ಬಟ್ಟೆ ಒಗೆದಿದ್ದಳು. ಹೋದ ಮಳೆಗಾಲ, ತೂಬಿನ ಬಾಗಿಲು ಎತ್ತಲು ಇಳಿದ ಗಂಡ ಹೆಣವಾಗಿ ಬಂದಾಗ, ಗುಂಡಿಯ ಮೇಲಿಡಲು ಬೇರೆ ಕಲ್ಲಿಗೆ ಗತಿಯಿಲ್ಲದೆ ಹಿತ್ತಲಿನಿಂದ ಇದನ್ನೇ ಹೊರಿಸಿದ್ದಳು.

"ಈ ಕಲ್ಲು ಎಲ್ಲಿಂದ ತಂದ್ರಿ?"

"ಎಲ್ಲಿಂದಾದ್ರೆ ನಿನಗೇನು? ಕಲ್ಲುಕೋರೆ ದಾರಿ ಕೊಚ್ಚಿಹೋಗಿದೆ. ಸಿಕ್ಕಿದ್ದು ತಂದ್ವಿ."

ಟ್ರ್ಯಾಕ್ಟರ್ ಬರುತ್ತಿದ್ದುದು ಕೂಲಿಗಳನ್ನು ಹೂಳುವ ದಿಬ್ಬದ ಕಡೆಯಿಂದ. ಕಟ್ಟೆ ಕಟ್ಟುವಾಗ ಸತ್ತವರಿಂದ ಹಿಡಿದು ಎಲ್ಲರೂ ಅಲ್ಲಿದ್ದರು. "ಇದು ನನ್ನ ಗಂಡನ ಗೋರಿ ಕಲ್ಲು," ಎಂದಳು. ಸಾಲಿನಲ್ಲಿದ್ದ ಹೆಂಗಸರು ತಮ್ಮ ತಮ್ಮ ಕೈಯ ಕಲ್ಲನ್ನು ತಿರುಗಿಸಿ ನೋಡತೊಡಗಿದರು.

ಇಂಜಿನಿಯರ್ ಛತ್ರಿ ಹಿಡಿದು ಇಳಿದು ಬಂದ. "ಏನಂತೆ ಇವಳದ್ದು?"

"ಗಂಡನ ಗೋರಿ ಕಲ್ಲಂತೆ ಸಾರ್." ಮೇಸ್ತ್ರಿ ನಕ್ಕ. "ಬದುಕಿದ್ದಾಗ ಕುಡಿದು ಬಿದ್ದಿರ್ತಿದ್ದ. ಈಗಲಾದ್ರೂ ನೆಟ್ಟಗೆ ಕೆಲಸಕ್ಕೆ ಬಂದಿದ್ದಾನೆ."

"ನೋಡಮ್ಮ, ಕಲ್ಲು ಅಂದ್ರೆ ಕಲ್ಲು. ಸತ್ತೋರಿಗೇನು ಗೊತ್ತಾಗುತ್ತಾ? ಕಟ್ಟೆ ಒಡೆದ್ರೆ ಮೊದಲು ಹೋಗೋದು ನಿಮ್ಮ ಗುಡಿಸಲೇ."

ಅದು ನಿಜವೇ ಆಗಿತ್ತು. ಅವಳಿಗೆ ಅಳು ಬರಲಿಲ್ಲ. ಅದು ಬಂದು ಎಷ್ಟೋ ಕಾಲವಾಗಿತ್ತು.

ಪಕ್ಕದಲ್ಲಿದ್ದ ಅತ್ತೆ ಅವಳ ಮೊಣಕೈ ಹಿಡಿದಳು. "ಹಾಕು ತಾಯಿ. ಮಗು ಕೆಳಗಿದೆ." ಆಮೇಲೆ ಮೇಸ್ತ್ರಿಯ ಕಡೆ ತಿರುಗಿ ಉಗುಳಿದಳು. "ನಿನ್ನಪ್ಪನ ತಲೆ ಮೇಲಿಂದ ಕಿತ್ತು ತರಬೇಕಿತ್ತು ಕಣೋ, ಬೇವರ್ಸಿ."

ಅವಳು ಮೊಣಕಾಲುದ್ದ ನೀರಿಗಿಳಿದಳು. ತಗ್ಗು ಮೇಲೆ ಬರುವಂತೆ ಕಲ್ಲನ್ನು ಕೂರಿಸಿ, ಅಲುಗದ ಹಾಗೆ ಸಂದಿಗೆ ಚೂರುಕಲ್ಲು ಜಡಿದಳು. ಇನ್ನೂ ಅರ್ಧಕ್ಕರ್ಧ ಜಾಗ ಬಾಯ್ತೆರೆದುಕೊಂಡಿತ್ತು. ಮೇಲೆ ಬಂದವಳು ಟ್ರ್ಯಾಕ್ಟರಿನಿಂದ ಹಾರೆ ತೆಗೆದುಕೊಂಡು ಛತ್ರಿಯನ್ನು ದಾಟಿ ನಡೆದಳು. ಕಟ್ಟೆಯ ತುದಿಯಲ್ಲಿ ಇಂಜಿನಿಯರ್ ಸಾಹೇಬರ ಬಂಗಲೆ. ಸುತ್ತಲೂ ಎದೆಮಟ್ಟದ ಕಲ್ಲಿನ ಕಾಂಪೌಂಡು, ಅದರ ಮೇಲೆ ಹೂಕುಂಡಗಳು. ಅವಳು ಹಾರೆಯನ್ನು ಸಂದಿಗೆ ತೂರಿಸಿ ಮೀಟಿದಳು.

"ಏಯ್, ಏನೇ ಮಾಡ್ತಿದ್ದೀಯ? ಅದು ಬಂಗಲೆ ಕಾಂಪೌಂಡು," ಇಂಜಿನಿಯರ್ ಕೂಗಿದ.

"ಕಲ್ಲು ಸಾರ್," ಎಂದಳು, ತಿರುಗಿ ನೋಡದೆ.

ಮೊದಲ ಕಲ್ಲಿನ ಜೊತೆ ಒಂದು ಕುಂಡವೂ ಬಿದ್ದು ಒಡೆಯಿತು. ಅತ್ತೆ ಕಲ್ಲನ್ನೆತ್ತಿ ಹಿಂದಿನವಳ ಕೈಗಿಟ್ಟಳು. ಸಾಲು ಟ್ರ್ಯಾಕ್ಟರನ್ನು ಬಿಟ್ಟು ಬಂಗಲೆಯ ಕಡೆ ಬಾಗಿತು.

"ಬಿಡ್ರೇ ಲೌಡಿಯರಾ, ಪೊಲೀಸರನ್ನ ಕರೀತೀನಿ," ಎಂದ ಮೇಸ್ತ್ರಿ.

"ಕರಿಯೋ. ಬಂದೋರಿಗೂ ಒಂದೊಂದು ಹೊರಿಸೋಣ," ಎಂದಳು ಅತ್ತೆ.

ಇಂಜಿನಿಯರ್ ಛತ್ರಿ ಮಡಚಿ ಜೀಪು ಹತ್ತಿದ. ಜೀಪು ಗುಡಿಸಲುಗಳ ದಾರಿ ಹಿಡಿಯಲಿಲ್ಲ, ಗುಡ್ಡದ ದಾರಿ ಹಿಡಿಯಿತು. ಮೇಸ್ತ್ರಿ ಸ್ವಲ್ಪ ದೂರ ಅದರ ಹಿಂದೆ ಓಡಿ, ನಿಂತ.

ಬಿರುಗಾಳಿಗೆ ಮುಂಚಿನಂತೆ ಗಾಳಿ ಇದ್ದಕ್ಕಿದ್ದಂತೆ ಬಿದ್ದುಹೋಯಿತು. ಹಾರೆಯ ಸದ್ದು ಮಾತ್ರ ಕೇಳುತ್ತಿತ್ತು. ಕೆಳಗೆ, ಅವಳು ಕೂರಿಸಿದ ಕಲ್ಲಿನ ತಗ್ಗಿನಲ್ಲಿ ಕೆಂಪು ನೀರು ನಿಂತಿತ್ತು. ಮುಂದಿನ ಅಲೆ ಅದನ್ನು ದಾಟಿ ಮೇಲಕ್ಕೆ ಹೋಯಿತು.