ಉಟ್ಟಿದ್ದಕ್ಕೆ ಸುಂಕವಿಲ್ಲ

ನಾನು ಒಂದು ಅಡ್ಡಗಂಬ. ಕಂಬ ಎಂದ ಮಾತ್ರಕ್ಕೆ ನೆಟ್ಟಗೆ ನಿಂತವನು ಎಂದುಕೊಳ್ಳಬೇಡಿ. ನನ್ನ ಹರೆಯವೆಲ್ಲ ದಾರಿಗೆ ಅಡ್ಡ ಮಲಗಿಯೇ ಕಳೆಯಿತು. ಹಿಂದೆ ಒಂದು ಸೀಮೆಯ ಸರಕು ಇನ್ನೊಂದು ಸೀಮೆಗೆ ಬಂದರೆ ಗಡಿಯಲ್ಲಿ ತಡೆದು ಸುಂಕ ಕೀಳುತ್ತಿದ್ದರು. ಆ ಜಾಗಕ್ಕೆ ನಾಕಾ ಎನ್ನುತ್ತಿದ್ದರು. ಅಲ್ಲಿ ತಡೆಯುವ ಕೆಲಸ ನನ್ನದು. ಏಳುವುದು, ಬೀಳುವುದು, ಇವೆರಡು ಬಿಟ್ಟರೆ ನನಗೆ ಬೇರೆ ವಿದ್ಯೆ ಬರುತ್ತಿರಲಿಲ್ಲ.

ಹುಟ್ಟಿದ್ದು ಮತ್ತಿ ಮರವಾಗಿ, ಹುಲಿಗಡ ಸಂಸ್ಥಾನದ ಅಡವಿಯಂಚಿನಲ್ಲಿ. ಕಡಿಸಿ ತಂದ ಮೇಲೆ ಬಡಿಗೇರ ಮೌನಪ್ಪ ನನ್ನನ್ನು ತಟ್ಟಿ ನೋಡಿ, "ಮನಿಗೆ ತೊಲಿ ಆಗೂ ಮರ ಇದು. ಒಯ್ದು ದಾರಿಗೆ ಹಾಕ್ತಾರಂತ!" ಎಂದು ಹಲುಬಿದ. ಆದರೆ ಅರಮನೆಯ ಅಪ್ಪಣೆ ಮೀರುವವರು ಯಾರು? ಕೆತ್ತಿ ನುಣುಪು ಮಾಡಿ, ಕೆಂಪು ಬಿಳಿ ಬಣ್ಣ ಬಳಿದು, ಒಂದು ತುದಿಗೆ ಬೀಸುಕಲ್ಲಿನಷ್ಟು ದಪ್ಪ ಕಲ್ಲು ಬಿಗಿದರು. ಇನ್ನೊಂದು ತುದಿಗೆ ಹಗ್ಗ ಕಟ್ಟಿದರು. ಹಗ್ಗ ಸಡಿಲ ಬಿಟ್ಟರೆ ನಾನು ಏಳಬೇಕು, ಎಳೆದು ಕಟ್ಟಿದರೆ ಮಲಗಬೇಕು.

ಹುಲಿಗಡ ಎಷ್ಟು ದೊಡ್ಡ ಸಂಸ್ಥಾನ ಎನ್ನುತ್ತೀರಿ? ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಹೊರಟರೆ ಬುತ್ತಿ ಬಿಚ್ಚುವ ಹೊತ್ತಿಗೆ ಗಡಿ ದಾಟಿರುತ್ತಿದ್ದಿರಿ. ಅಷ್ಟು ಸಣ್ಣದಾದರೂ ಅದಕ್ಕೊಬ್ಬ ರಾಜ, ಒಂದು ಆನೆ, ಎಲ್ಲವನ್ನೂ ನಡೆಸುವ ಕಾರಭಾರಿ. ಕಾರಭಾರಿ ತ್ರ್ಯಂಬಕರಾಯರು ಕೆಟ್ಟವರಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಪುಣೆಯಲ್ಲಿ ಓದಿ ಬಂದವರು. ಸಂಸ್ಥಾನ ಉದ್ಧಾರವಾಗಬೇಕು, ನಾಲ್ಕು ಮಂದಿಯ ಕೈಗೆ ಕೆಲಸ ಸಿಗಬೇಕು ಎಂದು ಹಟ ತೊಟ್ಟು ಒಂದು ಬಟ್ಟೆ ಗಿರಣಿ ಕಟ್ಟಿಸಿದರು. ಗಿರಣಿಗೆ ಜಾಗ ಪುಕ್ಕಟೆ, ಕಂದಾಯ ಮಾಫಿ. ಅಲ್ಲಿ ನೇಯ್ದ ಬಟ್ಟೆ ಖರ್ಚಾಗಬೇಕಾದರೆ ಹೊರಗಿನ ಬಟ್ಟೆ ಅಗ್ಗಕ್ಕೆ ಒಳಗೆ ಬರಬಾರದಲ್ಲ? ಅದಕ್ಕೇ ಹೊರಗಿನ ಸೀರೆಯ ಮೇಲೆ ಸುಂಕ ಇಮ್ಮಡಿ ಮಾಡಿದರು.

"ಗಿರಣಿ ಅಂದ್ರ ಹಸುಗೂಸು ಇದ್ಧಾಂಗ. ನಡಿಯೂದು ಕಲಿಯೂತನಕ ಕೈ ಹಿಡೀಬೇಕು," ಎಂದು ಅವರು ನಾಕಾದ ಕಟ್ಟೆಯ ಮೇಲೆ ಕೂತು ಹೇಳಿದ್ದನ್ನು ನಾನೇ ಕೇಳಿದ್ದೇನೆ. ಮಾತು ಚೆನ್ನಾಗಿತ್ತು. ಆದರೆ ಆ ಕೂಸಿನ ಕೈ ಹಿಡಿಯಲು ಅಡ್ಡ ಬಿದ್ದವನು ನಾನು, ನನ್ನನ್ನು ಒಂದು ಮಾತು ಕೇಳಲಿಲ್ಲ.

ಹೊರಗಿನ ಸೀರೆ ಎಂದರೆ ಏಳು ಸಮುದ್ರದಾಚೆಯದಲ್ಲ. ಹಳ್ಳದ ಆಚೆಯದು. ಹಳ್ಳ ದಾಟಿದರೆ ಮುಂಬಯಿ ಸರಕಾರದ ಸೀಮೆ. ಅಲ್ಲಿ ಆಚೆಗೇರಿ ಎಂಬ ನೇಕಾರರ ಊರು. ಆ ಊರಿಗೆ ಅಜ್ಜ ಮುತ್ತಜ್ಜನ ಕಾಲದಿಂದ ಹುಲಿಗಡದ್ದೇ ಸಂತೆ. ಸೀರೆ ಮಾರಬೇಕಾದರೆ ನನ್ನನ್ನು ದಾಟಿಯೇ ಬರಬೇಕು. ಇಮ್ಮಡಿ ಸುಂಕ ಕೊಟ್ಟರೆ ಗಂಜಿಗೂ ಉಳಿಯುವುದಿಲ್ಲ. ಮಗ್ಗ ನಿಲ್ಲಿಸಿ ಗಿರಣಿ ಕೂಲಿಗೆ ಸೊಲ್ಲಾಪುರದ ಹಾದಿ ಹಿಡಿಯಬೇಕು.

ನಾಕಾದಲ್ಲಿ ನನ್ನ ಒಡೆಯ ನಾಕೇದಾರ ಮಡಿವಾಳಪ್ಪ. ಮೀಸೆ ದಪ್ಪ, ಮನಸ್ಸು ಮೆತ್ತಗೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬೇಡ ಎನ್ನುತ್ತಾರಲ್ಲ, ಈತನ ಮುಂದೆ ಜನ ಹೇಳಿಕೊಳ್ಳುತ್ತಿದ್ದರು. ಈತ ಕೂತು ಕೇಳುತ್ತಿದ್ದ. ಕೇಳಿ ಆದ ಮೇಲೆ ಸುಂಕವನ್ನೂ ತೆಗೆದುಕೊಳ್ಳುತ್ತಿದ್ದ, ಆ ಮಾತು ಬೇರೆ.

ಆಚೆಗೇರಿಯ ಹೆಂಗಸರು ದಾರಿಯೊಂದನ್ನು ಕಂಡುಕೊಂಡರು. ನಾಕಾದ ಕಾಯ್ದೆಯಲ್ಲಿ ಹಳೆಯ ಮಾತೊಂದಿತ್ತು: ಹೊತ್ತಿದ್ದಕ್ಕೆ ಸುಂಕ, ಉಟ್ಟಿದ್ದಕ್ಕೆ ಸುಂಕವಿಲ್ಲ. ಸರಿ, ಹೊರುವುದನ್ನು ಬಿಟ್ಟರು, ಉಡತೊಡಗಿದರು. ಒಂದರ ಮೇಲೊಂದು, ಅದರ ಮೇಲೊಂದು. ಸಂತೆಯ ದಿನ ಕಡ್ಡಿಯಂಥ ಹೆಂಗಸರೆಲ್ಲ ಕಣಜದಂತಾಗಿ ಬರುತ್ತಿದ್ದರು.

ಅವರಲ್ಲಿ ಬನವ್ವ ಒಂದು ಕೈ ಮೇಲೆ. ಆಕೆ ಹುಟ್ಟಿದ್ದು ಹುಲಿಗಡದಲ್ಲೇ, ಕೊಟ್ಟಿದ್ದು ಆಚೆಗೇರಿಗೆ. ತಾಯಿ ತಂದೆ ತೀರಿಹೋಗಿ ತವರಿನ ಬಾಗಿಲು ಮುಚ್ಚಿತ್ತು. ಆಕೆ ಸೀರೆಗಳನ್ನು ಹೊಟ್ಟೆಗೆ ಸುತ್ತಿ, ಮೇಲೊಂದು ಉಟ್ಟು, ಸೊಂಟದ ಮೇಲೆ ಕೈಯಿಟ್ಟು, ತುಂಬಿದ ಬಸುರಿಯಂತೆ ಏದುಸಿರು ಬಿಡುತ್ತ ಬರುತ್ತಿದ್ದಳು. ಬಸುರಿಯನ್ನು ಹೊಸ್ತಿಲಲ್ಲಿ ನಿಲ್ಲಿಸಬಾರದು ಎಂಬುದು ನಮ್ಮ ಕಡೆಯ ನಡಾವಳಿ. ಊರಿಗೆ ನಾಕಾ ಹೊಸ್ತಿಲಲ್ಲವೇ? ಮಡಿವಾಳಪ್ಪ ಗಡಬಡಿಸಿ ಹಗ್ಗ ಬಿಡುತ್ತಿದ್ದ. ಮೊದಮೊದಲು ಆತ ಖರೆ ಎಂದೇ ನಂಬಿದ್ದ, ಬಡಪಾಯಿ. ವರ್ಷ ತಿರುಗಿದರೂ ಬಸುರು ಇಳಿಯದಿದ್ದಾಗ ಆತನಿಗೂ ತಿಳಿಯಿತು.

ಸಂಜೆ ಆಕೆ ಸಪಾಟಾಗಿ ತಿರುಗಿ ಬರುವಾಗ, "ಏನವ್ವಾ, ಹಡದೇನು?" ಎಂದು ಕೇಳುತ್ತಿದ್ದ.

"ಹಡದ್ನಿರೀ ಯಣ್ಣಾ. ಸಂತ್ಯಾಗ ಕೊಟ್ಟು ಬಂದೆ," ಎನ್ನುತ್ತಿದ್ದಳು.

ಇಬ್ಬರೂ ನಗುತ್ತಿದ್ದರು. ನನಗೂ ಆ ನಗೆ ಇಷ್ಟವಾಗಿತ್ತು. ಬಹಳ ದಿನ ನಡೆಯಲಿಲ್ಲ, ಅಷ್ಟೇ.

ಮಡಿವಾಳಪ್ಪನ ಅಳಿಯ ಅದೇ ಗಿರಣಿಯಲ್ಲಿ ಕೆಲಸಕ್ಕಿದ್ದ. ಸಂತೆಯಲ್ಲಿ ಗಿರಣಿಯ ಸೀರೆ ಕೇಳುವವರಿಲ್ಲದೆ ಬಿದ್ದವು. ಗಿರಣಿಯವರು ಪಾಳಿ ಕಡಿಮೆ ಮಾಡಿದರು, ಅಳಿಯ ಮನೆಯಲ್ಲಿ ಕೂತ. ಮಗಳು ಗೌರವ್ವ ನಾಕಾಕ್ಕೇ ಬಂದು, ನನ್ನ ಮೇಲೆ ಕೈಯೂರಿ ನಿಂತು ಕೇಳಿದಳು: "ಅಪ್ಪಾ, ನೀ ಬಿಟ್ಟ ಒಂದೊಂದು ಸೀರೀನೂ ನನ್ನ ಗಂಡನ ಪಾಳಿ ತಿಂದೈತಿ. ನಿನಗ ಆಚಿಯವರು ಮಕ್ಕಳೋ, ನಾ ಮಗಳೋ?" ಮಡಿವಾಳಪ್ಪ ಎದ್ದು ಹಗ್ಗದ ಗಂಟು ಬಿಗಿಮಾಡಿದ. ಅಂದಿನಿಂದ ಆತ ಬನವ್ವನ ಮುಖ ನೋಡುವುದನ್ನು ಬಿಟ್ಟ. ಹಗ್ಗವನ್ನೇನೋ ಬಿಡುತ್ತಿದ್ದ, ಆದರೆ ನಗುತ್ತಿರಲಿಲ್ಲ.

ಅಷ್ಟರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂತು. ಹಳ್ಳದ ಆಚೆ ಬಾವುಟ ಹಾರಿತು, ಈಚೆ ಇನ್ನೂ ರಾಜರದ್ದೇ ನಿಶಾನೆ. ಸಂಸ್ಥಾನ ಉಳಿಯುತ್ತದೋ ಅಳಿಯುತ್ತದೋ ಎಂದು ಜನ ಗುಸುಗುಸು ಮಾಡುತ್ತಿದ್ದರು. ಕಾರಭಾರಿಗಳಿಗೆ ಜೀವ ಹೊಯ್ದಾಡುತ್ತಿತ್ತು. ಗಡಿ ಅಳಿಯುವ ಮೊದಲು ಗಿರಣಿ ಕಾಲ ಮೇಲೆ ನಿಲ್ಲಬೇಕು. ಇಲ್ಲದಿದ್ದರೆ ಮುಂಬಯಿಯ ದೊಡ್ಡ ಗಿರಣಿಗಳು ಅದನ್ನು ನುಂಗಿಬಿಡುತ್ತವೆ. ಡಂಗುರ ಹೊಡೆಸಿದರು: ಮೈಮೇಲೆ ಒಂದು ಸೀರೆಯಿದ್ದರೆ ಉಡುಗೆ, ಹೆಚ್ಚಿದ್ದರೆ ಸರಕು. ಸಿಕ್ಕವರ ಮಾಲು ಜಪ್ತಿ.

ಡಂಗುರ ಸುಲಭ. ಎಣಿಸುವವರು ಯಾರು? ಹೆಣ್ಣುಮಕ್ಕಳ ಸೆರಗಿಗೆ ಕೈ ಹಾಕುವ ಗಂಡಸು ಆ ಊರಲ್ಲಿ ಉಳಿಯುತ್ತಿದ್ದನೇ? ಅದಕ್ಕೆ ಕಾರಭಾರಿಗಳು ಒಂದು ಉಪಾಯ ಮಾಡಿದರು. ದೀಪಾವಳಿಯ ಹಿಂದಿನ ಸಂತೆಗೆ ತಾವೇ ನಾಕಾಕ್ಕೆ ಬಂದು ಕುರ್ಚಿ ಹಾಕಿಸಿಕೊಂಡು ಕೂತರು.

"ಮಡಿವಾಳಪ್ಪ, ಹಗ್ಗ ಬಿಗಿ. ಹೆಣ್ಣುಮಕ್ಕಳ ಮೈ ಮುಟ್ಟೂದು ಬ್ಯಾಡ. ಬಿಸಲಾಗ ನಿಲ್ಲಸು. ಯಾರು ಎಷ್ಟು ಉಟ್ಟಾರ ಅನ್ನೂದನ್ನ ಬಿಸಲೇ ಹೇಳ್ತದ."

ಮಳೆಗಾಲ ಮುಗಿದ ಮೇಲಿನ ಬಿಸಿಲು, ಸುಮ್ಮನೆ ನಿಂತರೂ ನೆತ್ತಿ ಕಾಯುವಂಥದ್ದು. ಹೆಂಗಸರು ಸಾಲಾಗಿ ನಿಂತರು. ತಿರುಗಿ ಹೋದರೆ ತಪ್ಪು ಒಪ್ಪಿಕೊಂಡಂತೆ, ನಿಂತರೆ ಬೇಯಬೇಕು. ಬೆವರು ಹಣೆಯಿಂದ ಗಲ್ಲಕ್ಕೆ, ಗಲ್ಲದಿಂದ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ನನ್ನ ಬಣ್ಣ ಗುಳ್ಳೆಯೆದ್ದಿತು.

ಸಾಲಿನ ಮುಂದೆ ಬನವ್ವ. ತಲೆಯ ಮೇಲೆ ಸೀರೆಯ ಗಂಟಿತ್ತು, ಅದನ್ನು ತಾನಾಗಿಯೇ ಇಳಿಸಿ ಕಟ್ಟೆಯ ಮೇಲಿಟ್ಟಳು. ಮುಖ ಬಿಳಿಚಿಕೊಂಡಿತ್ತು.

"ಇವಕ್ಕ ಸುಂಕ ಕೊಡ್ತೀನ್ರಿ ಯಣ್ಣಾ. ನನ್ನ ಬ್ಯಾಗ ಬಿಡ್ರಿ. ನಿಮ್ಮೂರ ಸೂಲಗಿತ್ತಿ ಹಂತ್ಯಾಕ ಹೊಂಟೀನಿ, ನಮ್ಮಲ್ಲಿ ಯಾರೂ ಇಲ್ಲ. ನೋವು ಸುರು ಆಗೈತಿ."

ಕಾರಭಾರಿಗಳು ಕುರ್ಚಿಯಿಂದ ಏಳಲಿಲ್ಲ. "ಈ ಹೊಟ್ಟಿ ಎಷ್ಟು ದಿನದಿಂದ ಸಂತಿ ಮಾಡ್ತದ, ಮಡಿವಾಳಪ್ಪ?"

ಮಡಿವಾಳಪ್ಪ ತಲೆ ತಗ್ಗಿಸಿ ಹಗ್ಗ ಸರಿಮಾಡತೊಡಗಿದ.

"ಹಿಂದ ಮಾಡಿದ್ದು ಖರೇರೀ ಸಾಹೇಬ್ರ," ಎಂದಳು ಬನವ್ವ. "ಆಗ ಸೀರಿ ಇದ್ವು. ಇವತ್ತು ಹೊಟ್ಟಿ ನಂದ."

ಯಾರು ನಂಬುತ್ತಾರೆ? ಸಾಲಿನಲ್ಲಿದ್ದ ಅವಳ ಓಣಿಯವರು ಬಾಯಿ ಬಿಡುವಂತಿರಲಿಲ್ಲ, ಅವರ ಮೈಮೇಲೂ ಸರಕಿತ್ತು. ಮಡಿವಾಳಪ್ಪನ ಮನಸ್ಸಿನಲ್ಲಿ ಏನಿತ್ತೋ. ಬನವ್ವ ಆಡುವ ಆಟ ಆತನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಬಿಟ್ಟರೆ ತನ್ನ ಕೆಲಸ ಹೋಗುತ್ತದೆ, ಅಳಿಯನ ಗಿರಣಿಯೂ ಹೋಗುತ್ತದೆ. ಮಗಳ ಮಾತು ಕಿವಿಯಲ್ಲಿ ಇನ್ನೂ ಇತ್ತು. ಆತ ಹಗ್ಗವನ್ನು ಇನ್ನೊಂದು ಸುತ್ತು ಮುಂಗೈಗೆ ಸುತ್ತಿಕೊಂಡ. ಅವನ ಮೇಲೆ ನನಗೆ ಅಂದು ಬಂದ ಸಿಟ್ಟು ಅಷ್ಟಿಷ್ಟಲ್ಲ.

ಬನವ್ವ ನಿಲ್ಲಲಾರದೆ ಎರಡೂ ಕೈಯಿಂದ ನನ್ನನ್ನು ಹಿಡಿದು, ಪೂರ್ತಿ ಭಾರ ನನ್ನ ಮೇಲೆ ಹಾಕಿದಳು. ಅವಳ ಉಗುರು ನನ್ನ ಮೈಗೆ ಇಳಿಯಿತು. ಹೊಟ್ಟೆ ನನಗೆ ಒತ್ತಿಕೊಂಡಿತು. ಆಗ ಒಳಗಿನಿಂದ ಒಂದು ಒದೆ ಬಿತ್ತು.

ನನಗೇ ಬಿತ್ತು. ಎಂತೆಂಥ ಎತ್ತಿನ ಗಾಡಿ ಗುದ್ದಿದರೂ ಅಲುಗದ ನಾನು ಆ ಒದೆಗೆ ಬೆದರಿಬಿಟ್ಟೆ. ಬಟ್ಟೆ ಒದೆಯುತ್ತದೆಯೇ? ಇಡೀ ನಾಕಾದಲ್ಲಿ ಖರೆ ಸಂಗತಿ ಗೊತ್ತಿದ್ದವನು ನಾನೊಬ್ಬ, ನನಗೆ ಬಾಯಿಲ್ಲ. ಕೂಗಬೇಕೆನಿಸಿತು. ಕಲ್ಲು ಕಳಚಿ ಬಿದ್ದರೂ ಸರಿ, ಎದ್ದುಬಿಡಬೇಕೆನಿಸಿತು. ಏಳುವುದು ನನ್ನ ಕೈಯಲ್ಲಿರಲಿಲ್ಲ.

ಇನ್ನೊಂದು ಒದೆ. ಈ ಸಲ ನಾನು ನಡುಗಿದ್ದು ಹಗ್ಗಕ್ಕೆ ತಲುಪಿತೇನೋ. ಮಡಿವಾಳಪ್ಪ ತಟ್ಟನೆ ತಲೆಯೆತ್ತಿದ. ಮುಂಗೈ ನೋಡಿಕೊಂಡ, ನನ್ನನ್ನು ನೋಡಿದ, ಬಹಳ ದಿನದ ಮೇಲೆ ಬನವ್ವನ ಮುಖ ನೋಡಿದ.

"ಸಾಹೇಬ್ರ," ಎಂದ. "ಬಟ್ಟಿ ಒದಿಯೂದಿಲ್ರೀ."

"ಹಗ್ಗ ಬಿಟ್ಟರ ನಿನ್ನ ಕೆಲಸ ಹೋತು, ನೋಡು."

"ಹೋಗ್ಲಿ ಬಿಡ್ರಿ."

ಬಿಟ್ಟ. ನಾನು ಎದ್ದ ರಭಸಕ್ಕೆ ಕಲ್ಲು ನೆಲಕ್ಕೆ ಬಡಿದು ಎರಡು ಹೋಳಾಯಿತು.

ಬನವ್ವ ಒಂದು ಹೆಜ್ಜೆ ಇಟ್ಟಳು, ಎರಡನೆಯದಕ್ಕೆ ಕುಸಿದಳು, ನೇರ ನನ್ನ ಕೆಳಗೆ. ಸೂಲಗಿತ್ತಿಯ ಮನೆಯವರೆಗೆ ಹೋಗುವ ಹೊತ್ತು ಮೀರಿತ್ತು. ಹೆಣ್ಣೊಬ್ಬಳು ನಡುದಾರಿಯಲ್ಲಿ, ಸಂತೆಗೆ ಹೊರಟ ಗಂಡಸರ ಕಣ್ಣೆದುರು ಹೆರಬೇಕೇ? ಸಾಲಿನಲ್ಲಿದ್ದ ಮುದುಕಿಯೊಬ್ಬಳು ಮುಂದೆ ಬಂದು ತನ್ನ ಮೇಲಿನ ಸೀರೆ ಬಿಚ್ಚಿದಳು. ಒಳಗೆ ಇನ್ನೊಂದಿತ್ತು, ಅದನ್ನೂ ಬಿಚ್ಚಿದಳು. ಅವಳ ಹಿಂದಿನವಳೂ ಬಿಚ್ಚಿದಳು. ನೋಡನೋಡುತ್ತ ಕಾರಭಾರಿಗಳ ಎದುರಿಗೇ ಹೊಚ್ಚ ಹೊಸ ಸೀರೆಗಳು ಹೊರಬಂದವು. ಹಸಿರು, ಕೆಂಪು, ಕುಸುಬಿ ಬಣ್ಣ, ಒಗೆತ ಕಾಣದವು. ಹೆಂಗಸರು ಸೆರಗಿಗೆ ಸೆರಗು ಹಿಡಿದು ನನ್ನ ಸುತ್ತ ಪರದೆ ಕಟ್ಟಿದರು.

ಜಪ್ತಿ ಮಾಡಬೇಕಾದ ಮಾಲೆಲ್ಲ ಅಲ್ಲಿ ತೆರೆದು ನಿಂತಿತ್ತು. ತ್ರ್ಯಂಬಕರಾಯರು ಎದ್ದರು. ಒಂದು ಹೆಜ್ಜೆ ಮುಂದಿಟ್ಟರು. ಪರದೆಯ ಒಳಗಿಂದ ಬನವ್ವ ಚೀರಿದ್ದು ಕೇಳಿತು. ಅವರು ಮುಖ ಆಚೆ ತಿರುಗಿಸಿ, ಟಾಂಗಾ ಹತ್ತಿ ಹೋದರು. ಆಮೇಲೆ ಕೂಸು ಅತ್ತಿತು. ಹೆಣ್ಣು ಕೂಸು.

ಮಡಿವಾಳಪ್ಪನ ಕೆಲಸ ಮರುದಿನವೇ ಹೋಯಿತು. ಕೆಲವು ತಿಂಗಳಿಗೆ ಸಂಸ್ಥಾನವೂ ಹೋಯಿತು, ಹುಲಿಗಡ ಮುಂಬಯಿ ಪ್ರಾಂತಕ್ಕೆ ಸೇರಿತು. ನಾಕಾ ಎತ್ತಿದರು. ಆಚೆಗೇರಿಯವರು ಕುಣಿದಾಡಿದರು. ಎಲ್ಲ ಒಳ್ಳೆಯದಾಯಿತು ಎಂದು ಕಥೆ ಮುಗಿಸಬಹುದಿತ್ತು, ಆದರೆ ಕಂಡದ್ದನ್ನು ಹೇಳದಿದ್ದರೆ ನಾನು ಮತ್ತಿ ಮರವೇ ಅಲ್ಲ. ತೆರೆದ ದಾರಿಯಲ್ಲಿ ಬನವ್ವನ ಸೀರೆ ಒಳಗೆ ಬಂದ ಹಾಗೆಯೇ ಮುಂಬಯಿಯ ಗಿರಣಿ ಬಟ್ಟೆಯೂ ಬಂತು, ಗಾಡಿಗಟ್ಟಲೆ. ರಾಯರ ಹಸುಗೂಸು ನಡೆಯುವುದನ್ನು ಕಲಿಯುವ ಮೊದಲೇ ಮಣ್ಣಾಯಿತು. ಅಳಿಯ ಗೌರವ್ವನನ್ನು ಕರೆದುಕೊಂಡು ಸೊಲ್ಲಾಪುರಕ್ಕೆ ಹೋದ. ಹೋಗುವಾಗ ಆಕೆ ಅಪ್ಪನೊಡನೆ ಮಾತಾಡಲಿಲ್ಲ. ನಾನು ಬಿದ್ದಾಗ ಆಚೆಯವರ ಹೊಟ್ಟೆಗೆ ಪೆಟ್ಟು, ಎದ್ದಾಗ ಈಚೆಯವರ ಹೊಟ್ಟೆಗೆ. ಯಾರದು ಸರಿ ಎಂದು ಇಂದಿಗೂ ನನಗೆ ತಿಳಿದಿಲ್ಲ. ಬಿಸಿಲಲ್ಲಿ ನಿಲ್ಲಿಸಿದ್ದು ಸರಿಯಲ್ಲ, ಇಷ್ಟು ಮಾತ್ರ ಗೊತ್ತು.

ನಾಕಾದ ಸಾಮಾನು ಲಿಲಾವಿಗೆ, ಅಂದರೆ ಹರಾಜಿಗೆ, ಬಂತು. ಕುರ್ಚಿ, ತಕ್ಕಡಿ, ಕಡೆಗೆ ನಾನು. ಸೌದೆಗೆ ಹೋಗುತ್ತೇನೆಂದುಕೊಂಡಿದ್ದೆ. ಕೂಗಿ ಕೊಂಡವನು ಮಡಿವಾಳಪ್ಪ. ಜನ ನಕ್ಕರು, "ಮುದುಕಗ ಇನ್ನೂ ನಾಕಾದ ಆಸೆ ಹೋಗಿಲ್ಲ" ಎಂದರು. ಆತ ನನ್ನನ್ನು ಹೆಗಲಿಗೇರಿಸಿಕೊಂಡು ಹಳ್ಳಕ್ಕೆ ಇಳಿದ. ಅಷ್ಟು ವರ್ಷ ಗಡಿ ಕಾದವನು ತಾನು ಎಂದೂ ಅದನ್ನು ದಾಟಿರಲಿಲ್ಲ.

ದಿನ ತುಂಬದೆ ಹುಟ್ಟಿದ ಕೂಸು ಗಟ್ಟಿಯಾಗಲಿ ಎಂದು ಬನವ್ವನ ಮನೆಯಲ್ಲಿ ಹೆಸರಿಡುವುದನ್ನು ಮುಂದೆ ಹಾಕಿದ್ದರು. ಅಂದು ಆ ಕಾರ್ಯ. ತೊಟ್ಟಿಲು ತವರಿನಿಂದ ಬರಬೇಕು, ಅವಳಿಗೆ ತವರಿಲ್ಲ. ಮಡಿವಾಳಪ್ಪನ ಒಂದು ಹೆಗಲ ಮೇಲೆ ನಾನು, ಇನ್ನೊಂದು ಕೈಯಲ್ಲಿ ಬಿದಿರಿನ ತೊಟ್ಟಿಲು. ಬಾಗಿಲಲ್ಲಿ ಬನವ್ವ ಆತನನ್ನು ಕಂಡಳು, ನನ್ನನ್ನು ಕಂಡಳು. ಕಣ್ಣು ತುಂಬಿದವು. ಆದರೂ ಹಳೆಯ ತುಂಟತನ ಎಲ್ಲಿ ಹೋಗಬೇಕು? ಬಾಗಿಲಿಗೆ ಅಡ್ಡ ಕೈ ಚಾಚಿ ನಿಂತಳು.

"ನಿಲ್ರಿ. ಏನ್ ತಂದೀರಿ? ಸುಂಕ ಆಗ್ತೈತಿ."

ಮಡಿವಾಳಪ್ಪ ಬೆವರು ಒರೆಸಿಕೊಳ್ಳಲಾಗದೆ, ನನ್ನನ್ನು ಹೊತ್ತ ಹೆಗಲನ್ನೊಮ್ಮೆ ನೋಡಿಕೊಂಡು ಹೇಳಿದ:

"ಉಟ್ಟಿದ್ದಕ್ಕ ಸುಂಕ ಇಲ್ಲ ತಂಗೀ."

ಮನೆಯೆಲ್ಲ ನಕ್ಕಿತು. ಆತ ಮಾತ್ರ ಅತ್ತ. ಕೂಸಿಗೆ ಮಡಿವಾಳವ್ವ ಎಂದೇ ಹೆಸರಿಟ್ಟರು, ಓಣಿಯವರು ನಾಕವ್ವ ಎಂದು ಕರೆದರು. ನಾನು ಆ ಮನೆಯ ನಡುಮನೆಗೆ ತೊಲೆಯಾದೆ. ಮೌನಪ್ಪ ಹಲುಬಿದ್ದು ಕಡೆಗೂ ಖರೆಯಾಯಿತು.

ಈಗ ನನಗೆ ಮುಪ್ಪು. ಒಂದು ತುದಿ ಗೆದ್ದಲು ತಿಂದಿದೆ, ಕೆಂಪು ಬಣ್ಣ ಒಂದೆರಡು ಕಡೆ ಮಾತ್ರ ಉಳಿದಿದೆ. ಹೆದ್ದಾರಿಯಲ್ಲಿ ನನ್ನ ಕುಲದವರು ತಾವಾಗಿಯೇ ಎದ್ದು ಬೀಳುತ್ತಾರಂತೆ. ಮಡಿವಾಳಪ್ಪ ಇಲ್ಲ, ಬನವ್ವ ಇಲ್ಲ. ಮನೆಅಳಿಯನನ್ನು ಮಾಡಿಕೊಂಡು ಇಲ್ಲೇ ಉಳಿದ ನಾಕವ್ವನ ಮೊಮ್ಮಕ್ಕಳೂ ನನ್ನ ಕೆಳಗೆ ತೂಗಿಸಿಕೊಂಡಿದ್ದಾರೆ, ತೊಟ್ಟಿಲೊಳಗಿನಿಂದ ಅವರು ಒದೆಯುವುದು ನನಗೆ ತಿಳಿಯುತ್ತದೆ.

ಈ ಮನೆಯಲ್ಲಿ ಒಂದು ಪದ್ಧತಿಯಿದೆ. ಹೆಸರಿಡುವ ದಿನ ಸೊಸೆಯ ತವರಿನವರು ತೊಟ್ಟಿಲು ಹೊತ್ತು ಬಂದರೆ, ಬಾಗಿಲಲ್ಲಿ ಯಾರಾದರೊಬ್ಬ ಹೆಣ್ಣುಮಗಳು ಅಡ್ಡ ಕೈ ಚಾಚಿ ಸುಂಕ ಕೇಳಬೇಕು. ಬಂದವರು "ಉಟ್ಟಿದ್ದಕ್ಕ ಸುಂಕ ಇಲ್ಲ" ಎನ್ನಬೇಕು. ತಲೆಯ ಮೇಲೆ ಸ್ಟೀಲಿನ ತೊಟ್ಟಿಲು ಹೊತ್ತುಕೊಂಡು ಉಟ್ಟಿದ್ದು ಎಂದರೆ ಏನರ್ಥ ಎಂದು ಹೊಸ ಬೀಗರು ಕೇಳುತ್ತಾರೆ. ನಮ್ಮ ಮನೆತನದ ರೂಢಿರೀ, ಹಿಂದಿನಿಂದ ಬಂದದ್ದು, ಅನ್ರಿ ಎನ್ನುತ್ತಾರೆ ಇವರು. ಬೀಗರು ನಾಚಿಕೊಂಡು ಅನ್ನುತ್ತಾರೆ. ಆಗ ಕೈ ಮೇಲೇಳುತ್ತದೆ.