ಹಲಗೆಯ ಮೇಲಿನ ಚಪ್ಪಲಿ

ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಎನ್ನುತ್ತಾರೆ. ಈ ಊರಿನ ಕತೆ ಉಲ್ಟಾ. ಉಪ್ಪು ಕೇಳುವವರಿಲ್ಲದೆ ರಾಶಿ ಬಿದ್ದಿತ್ತು, ಇಲ್ಲದ್ದು ನೀರು. ಬಾವಿ ತೋಡಿದರೂ ಉಪ್ಪು, ಬೋರು ಕೊರೆದರೂ ಉಪ್ಪು. ಕೊನೆಗೆ ಊರಿನ ಬಾಯಿಗೆ ನೀರು ಬಿಟ್ಟಿದ್ದು ಕಡಲ ದಂಡೆಯ ಮೇಲಿನ ಉದ್ದನೆಯ ಕಾರ್ಖಾನೆ. ಬಾಯಿಗೆ ನೀರು ಬಿಡುವುದು ಎಂದರೆ ನಮ್ಮಲ್ಲಿ ಇನ್ನೊಂದು ಅರ್ಥವೂ ಇದೆ, ಅದನ್ನು ಆಗ ಯಾರೂ ನೆನೆಸಿಕೊಳ್ಳಲಿಲ್ಲ.

ಅಲ್ಲಿ ನೀರು ಕುದಿಸುತ್ತಿರಲಿಲ್ಲ. ದೊಡ್ಡ ದೊಡ್ಡ ತಟ್ಟೆಗಳಲ್ಲಿ ಸಮುದ್ರದ ನೀರನ್ನು ತೆಳ್ಳಗೆ ನಿಲ್ಲಿಸಿ, ಮೇಲೆ ತಂತಿ ಎಳೆದು, ತಂತಿಯಿಂದ ಸಾಲಾಗಿ ಸೂಜಿಗಳನ್ನು ಇಳಿಬಿಟ್ಟಿದ್ದರು. ತಂತಿಗೆ ಸಾವಿರಾರು ವೋಲ್ಟಿನ ಕರೆಂಟು ಬಿಟ್ಟರೆ ಸೂಜಿಯ ತುದಿಯಲ್ಲಿ ನೇರಳೆ ಬೆಳಕು ಹತ್ತಿ, ಅಲ್ಲಿಂದ ಗಾಳಿ ಹೊರಡುತ್ತಿತ್ತು. ಫ್ಯಾನಿಲ್ಲ, ಕಿಟಕಿಯಿಲ್ಲ, ಆದರೂ ಗಾಳಿ. ಆ ಗಾಳಿಗೆ ಸೂಜಿಯ ಕೆಳಗಿನ ನೀರು ಮಗುವಿನ ಕೆನ್ನೆಗೆ ಬೆರಳೊತ್ತಿದ ಹಾಗೆ ಕುಳಿ ಬೀಳುತ್ತಿತ್ತು. ನೀರು ಬೇಗಬೇಗ ಆವಿಯಾಗಿ, ಹಿಂದಿನ ತಣ್ಣನೆಯ ತಗಡುಗಳಿಗೆ ತಾಗಿ, ಹನಿಯಾಗಿ ಇಳಿದು ಊರಿನ ಟ್ಯಾಂಕಿಗೆ ಹೋಗುತ್ತಿತ್ತು. ಉಪ್ಪು ತಟ್ಟೆಯಲ್ಲೇ ಉಳಿಯುತ್ತಿತ್ತು.

ದಿನಾ ಮಧ್ಯಾಹ್ನ ಕರೆಂಟು ನಿಲ್ಲಿಸಿ ಸೂಜಿಗಳಿಗೆ ಹಿಡಿದ ಉಪ್ಪು ಒರೆಸಬೇಕು. ಒಳಗೆ ಹೋಗುವವರಿಗೆ ಒಂದೇ ಕಟ್ಟಳೆ. ಬಾಗಿಲ ಪಕ್ಕದ ಹಲಗೆಯ ಮೇಲೆ ತಮ್ಮ ಚಪ್ಪಲಿ ಬಿಟ್ಟು ರಬ್ಬರ್ ಬೂಟು ಹಾಕಿಕೊಳ್ಳಬೇಕು. ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಳ್ಳಬೇಕು. ಹಲಗೆಯ ಮೇಲೆ ಒಂದೇ ಒಂದು ಜೊತೆ ಇದ್ದರೂ ಕರೆಂಟು ಹಾಕುವಂತಿಲ್ಲ. ಹಲಗೆ ಖಾಲಿಯಾದ ಮೇಲೆ ಸ್ವಿಚ್ಚಿನ ಬಳಿ ಇರುವವರು "ಎಲ್ರೂ ಬಂದ್ರು" ಎಂದು ಗಟ್ಟಿಯಾಗಿ ಹೇಳಿ ಹಿಡಿ ಎತ್ತಬೇಕು. ಬೀಗ, ಕೆಂಪು ದೀಪ ಎಲ್ಲ ಇದ್ದವು. ಆದರೆ ಉಪ್ಪಿನ ಗಾಳಿಗೆ ಬೀಗ ತುಕ್ಕು ಹಿಡಿಯುತ್ತದೆ, ದೀಪಕ್ಕೆ ಪೊರೆ ಬರುತ್ತದೆ. ಚಪ್ಪಲಿ ಸುಳ್ಳು ಹೇಳುವುದಿಲ್ಲ ಎಂದು ಕೆಲಸದವರು ನಂಬಿದ್ದರು.

ಒಮ್ಮೆ ಮಾತ್ರ ಹೇಳಿತ್ತು. ಹಿಡಿ ಎತ್ತುವ ಕೆಲಸ ಸ್ವಿಚ್ಚಮ್ಮನದು. ಸೂಜಿ ಒರೆಸುವ ಕೆಲಸ ಅವಳ ಗಂಡನದು. ಹೋದ ವರ್ಷ ಅವನು ಕೆಲಸ ಮುಗಿಸಿ ಚಪ್ಪಲಿ ಮೆಟ್ಟಿ ಗೇಟಿನವರೆಗೂ ಹೋದವನು, ಕನ್ನಡಕ ಮರೆತದ್ದು ನೆನಪಾಗಿ, ಮೆಟ್ಟಿದ ಚಪ್ಪಲಿಯಲ್ಲೇ ಹಿಂದಕ್ಕೆ ಓಡಿ ಒಳಗೆ ನುಗ್ಗಿದ. ಒಂದು ನಿಮಿಷದ ಕೆಲಸ ಅಂದುಕೊಂಡಿರಬೇಕು. ಹಲಗೆ ಖಾಲಿಯಿತ್ತು. ಅವಳು "ಎಲ್ರೂ ಬಂದ್ರು" ಎಂದು ಹಿಡಿ ಎತ್ತಿದಳು.

ತಪ್ಪು ಅವಳದಲ್ಲ ಎಂದು ವಿಚಾರಣೆಯವರು ಹೇಳಿದರು, ಊರೂ ಹೇಳಿತು. ಅವಳು ಕೆಲಸ ಬಿಡಲಿಲ್ಲ, ಆ ಹಿಡಿಯನ್ನು ಬೇರೆ ಕೈಗೆ ಕೊಡಲು ಅವಳಿಗೆ ಧೈರ್ಯವಿರಲಿಲ್ಲ. ಆದರೆ ಆ ಎರಡು ಮಾತು ಮತ್ತೆ ಅವಳ ಬಾಯಿಂದ ಹೊರಡಲಿಲ್ಲ. ಅವಳ ಬದಲು ಸೂಪರ್‌ವೈಸರ್ ಹೇಳುತ್ತಿದ್ದ. ಗಂಡನ ಚಪ್ಪಲಿಯನ್ನು ಅವಳು ದೋಣಿಕಟ್ಟೆಯ ತುದಿಗೆ ನಿಂತು ತನ್ನ ಕೈಯಾರೆ ಸಮುದ್ರಕ್ಕೆ ಎಸೆದಿದ್ದಳು. ಮಗಳು ಮಾತ್ರ ಆಗಾಗ ಕೇಳುತ್ತಿದ್ದಳು, ಅಪ್ಪ ಬಿದ್ದದ್ದು ಯಾವ ತಟ್ಟೆಯ ಹತ್ತಿರ ಎಂದು. ತಾಯಿ ಕೇಳಿಸದವಳಂತೆ ಪಾತ್ರೆ ಉಜ್ಜುತ್ತಿದ್ದಳು.

ಆ ದಿನ ಒರೆಸುವ ಕೆಲಸ ಮುಗಿದು, ಎಲ್ಲರೂ ಹಿಂದಿನ ನೆರಳಿನಲ್ಲಿ ಊಟಕ್ಕೆ ಕೂತಿದ್ದರು. ಸ್ವಿಚ್ಚಮ್ಮ ನಲ್ಲಿಗೆ ಹೋಗಿ ಮುಖ ತೊಳೆದು ಬಂದಳು. ಹಲಗೆಯ ಮೇಲೆ ಒಂದು ಜೊತೆ ಚಪ್ಪಲಿ ಇತ್ತು.

ಗಂಡಸಿನ ಚಪ್ಪಲಿ. ಬಲಗಾಲಿನ ಬಾರಿಗೆ ನೀಲಿ ಬಲೆದಾರದ ಹೊಲಿಗೆ, ಆ ಸೊಟ್ಟ ಹೊಲಿಗೆ ಅವಳದೇ. ಎಡಗಾಲಿನ ಹಿಮ್ಮಡಿಯಲ್ಲಿ ಕಾಳಿನಷ್ಟು ತೂತು, ಅಂಚು ಕರಗಿತ್ತು. ಕರೆಂಟು ಅವನ ಮೈಯಿಂದ ಹೊರಬಿದ್ದ ಜಾಗ ಅದು. ಚಪ್ಪಲಿ ಒದ್ದೆಯಾಗಿತ್ತು.

"ಯಾಕೆ ನಿಂತೆ? ಟ್ಯಾಂಕಿನ ತಳ ಕಾಣ್ತಿದೆ, ಆಸ್ಪತ್ರೆಯವರು ಎರಡು ಸಲ ಫೋನ್ ಮಾಡಿದ್ರು," ಎನ್ನುತ್ತ ಸೂಪರ್‌ವೈಸರ್ ಬಂದ. "ಯಾರ್ದಿದು ಚಪ್ಪಲಿ?"

"ನಮ್ಮನೆಯವರದ್ದು," ಎಂದಳು.

ಅವನು ಅವಳ ಮುಖ ನೋಡಿದ, ಚಪ್ಪಲಿ ನೋಡಿದ. ಎಲ್ಲರನ್ನೂ ಊಟದಿಂದ ಎಬ್ಬಿಸಿ ಸಾಲಾಗಿ ನಿಲ್ಲಿಸಿದ. ಒಬ್ಬರೂ ಕಡಿಮೆಯಿರಲಿಲ್ಲ, ಎಲ್ಲರ ಕಾಲಲ್ಲೂ ಅವರವರ ಚಪ್ಪಲಿ ಇತ್ತು. ತೆರೆದ ಬಾಗಿಲಲ್ಲಿ ನಿಂತು ಒಳಕ್ಕೆ ಕೂಗಿದ. ಒಳಗೆ ಹಬೆ, ಮುಂದಿನ ಸಾಲು ಬಿಟ್ಟರೆ ಏನೂ ಕಾಣದು. ಉತ್ತರ ಬರಲಿಲ್ಲ.

"ಯಾರೋ ಹೊಟ್ಟೆಗೆ ಅನ್ನ ತಿನ್ನದೋರು ಮಾಡಿದ ತಮಾಷೆ," ಎಂದು ಅವನು ಗೊಣಗಿದ. ಕೈಯಲ್ಲಿ ಮುಟ್ಟಲು ಅವನಿಗೂ ಮನಸ್ಸಾಗಲಿಲ್ಲ. ಕೋಲಿನ ತುದಿಯಿಂದ ಚಪ್ಪಲಿಯನ್ನು ಎತ್ತಿ ಅಂಗಳದ ಉಪ್ಪಿನ ರಾಶಿಯ ಕಡೆಗೆ ಎಸೆದ. "ನೋಡಮ್ಮ, ಈಗ ಹಲಗೆ ಖಾಲಿ. ಎಲ್ರೂ ಬಂದ್ರು. ಹಾಕು."

ಅವಳು ಹಿಡಿಯ ಮೇಲೆ ಕೈಯಿಟ್ಟಳು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎನ್ನುತ್ತಾರೆ. ಹೋದ ವರ್ಷವೂ ಹಲಗೆ ಹೀಗೇ ಖಾಲಿಯಿತ್ತು, ಕಬ್ಬಿಣ ಹೀಗೇ ತಣ್ಣಗಿತ್ತು. ಅವಳು ಕೈ ತೆಗೆದಳು. ತನ್ನ ಚಪ್ಪಲಿ ಬಿಚ್ಚಿ ಹಲಗೆಯ ಮೇಲಿಟ್ಟಳು.

"ಹುಚ್ಚು ಹಿಡೀತಾ ನಿಂಗೆ?"

"ಹಿಡಿದಿದ್ರೆ ಹಿಡೀಲಿ ಬಿಡಿ ಸಾರ್. ನನ್ನ ಚಪ್ಪಲಿ ಮಾತ್ರ ಎಸೀಬೇಡಿ."

ಬೂಟು ಹಾಕಿಕೊಂಡು, ತಾಮ್ರದ ತುದಿಯ ಕೋಲು ಹಿಡಿದು ಒಳಗೆ ಹೋದಳು. ತಂತಿಯಲ್ಲಿ ಉಳಿದ ಕರೆಂಟನ್ನು ನೆಲಕ್ಕೆ ಇಳಿಸುವ ಕೋಲು ಅದು. ಮೊದಲ ತಂತಿಗೆ ತಾಕಿಸಿದಳು. ಕಿಡಿಯಿಲ್ಲ. ಎರಡನೆಯದಕ್ಕೆ ತಾಕಿಸಿದಳು, ಅದರಲ್ಲೂ ಇಲ್ಲ. ತಂತಿಗಳು ಸತ್ತಿದ್ದವು. ಆದರೂ ಅವಳ ತೋಳಿನ ಕೂದಲು ಎದ್ದು ನಿಂತಿತು, ಸಿಡಿಲು ಬಿದ್ದ ಮೇಲಿನ ವಾಸನೆ ಮೂಗಿಗೆ ಬಂತು.

ಆಮೇಲೆ ಅವಳು ತಟ್ಟೆಯ ನೀರು ನೋಡಿದಳು. ಒಂದು ಸೂಜಿಯ ಕೆಳಗೆ ನೀರು ಮೆಲ್ಲಗೆ ಕುಳಿ ಬಿತ್ತು. ಅದು ತುಂಬಿಕೊಂಡಿತು. ಮುಂದಿನ ಸೂಜಿಯ ಕೆಳಗೆ ಇನ್ನೊಂದು ಕುಳಿ, ಅದರ ಮುಂದೆ ಮತ್ತೊಂದು. ಅವಸರವಿಲ್ಲದ ಸೂಜಿಗಾರ ಒಬ್ಬ ಒಂದೊಂದನ್ನೇ ಒರೆಸುತ್ತ ಹೋದ ಹಾಗೆ, ಕುಳಿಗಳು ತಟ್ಟೆಯಿಂದ ತಟ್ಟೆಗೆ ದಾಟುತ್ತ ಹೋದವು. ಅವಳಿಗೆ ಭಯವಾಯಿತು. ಭಯಕ್ಕಿಂತ ಹೆಚ್ಚಾಗಿ ಆಸೆಯಾಯಿತು.

"ರೀ," ಎಂದಳು. ಎಷ್ಟೋ ದಿನಗಳಿಂದ ಆ ಶಬ್ದವನ್ನು ಯಾರಿಗೂ ಅಂದಿರಲಿಲ್ಲ. ಹಬೆಯೊಳಗೆ ಕುಳಿಗಳ ಹಿಂದೆಯೇ ನಡೆದಳು.

ಕೊನೆಯ ತಟ್ಟೆಯ ಹತ್ತಿರ ಅವು ನಿಂತವು. ಆ ಜಾಗ ಅವಳಿಗೆ ಗೊತ್ತಿತ್ತು, ಅಂದಿನಿಂದ ಅತ್ತ ತಲೆ ಹಾಕಿರಲಿಲ್ಲ. ತಟ್ಟೆಯ ಆಚೆ ನೆಲದ ಮೇಲೆ ಮಗಳು ಬಿದ್ದಿದ್ದಳು. ಬರಿಗಾಲು, ಪಕ್ಕದಲ್ಲಿ ಮುಚ್ಚಳ ಹಾರಿದ ಊಟದ ಡಬ್ಬಿ, ಒಂದು ಕೈ ನೀರಿನ ತಟ್ಟೆಯೊಳಗೆ.

ಸ್ವಿಚ್ಚಮ್ಮ ಮೊದಲು ಆ ಕೈಯನ್ನು ನೀರಿನಿಂದ ತೆಗೆದಳು. ಮೂಗಿನ ಬಳಿ ಬೆರಳು ಹಿಡಿದಳು, ಉಸಿರಿತ್ತು. ಅಲ್ಲೇ ಕುಸಿದು, ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೆನ್ನೆ ತಟ್ಟತೊಡಗಿದಳು. ತಟ್ಟುತ್ತ ತಟ್ಟುತ್ತ ಬೈದಳು, ಬೈಯುತ್ತ ಅತ್ತಳು.

ಮಗಳು ಕಣ್ಣು ಬಿಟ್ಟಳು. "ಉಪ್ಪಿನ ಮೇಲೆ ಕಾಲು ಜಾರ್ತಮ್ಮ. ತಲೆ ತಗಲ್ತು."

"ಇಲ್ಲಿಗ್ಯಾಕೆ ಸಾಯೋಕೆ ಬಂದೆ?"

"ಡಬ್ಬಿ ತಂದಿದ್ದೆ. ಹೊರಗೆ ನೀನಿರ್ಲಿಲ್ಲ, ಬಾಗಿಲು ತೆಗೆದಿತ್ತು. ನೀನಂತೂ ಜಾಗ ತೋರ್ಸಲ್ಲ, ನಾನೇ ನೋಡ್ಕೊಂಡ್ ಬರೋಣ ಅಂತ. ಕಟ್ಟಳೆ ಮುರಿಲಿಲ್ಲಮ್ಮ, ಚಪ್ಪಲಿ ಹಲಗೆ ಮೇಲೇ ಬಿಟ್ಟೆ."

ಸ್ವಿಚ್ಚಮ್ಮ ಮಗಳ ಬರಿಗಾಲು ನೋಡಿದಳು. "ಅದು ನಿನ್ನ ಚಪ್ಪಲಿ ಅಲ್ವಲ್ಲೇ."

"ನಂದರ ಉಂಗುಷ್ಟ ಮನೆ ಹೊಸ್ತಿಲಲ್ಲೇ ಕಿತ್ತುಹೋಯ್ತು. ಬಾಗಿಲ ಹತ್ರ ಅಪ್ಪಂದು ಇತ್ತಲ್ಲ, ಅದನ್ನೇ ಮೆಟ್ಕೊಂಡ್ ಬಂದೆ. ದೊಡ್ಡದು, ಪಟಪಟ ಅಂತಿತ್ತು. ಒದ್ದೆ ಇತ್ತು. ನೀನೇ ತೊಳೆದು ಒಣಗೋಕೆ ಇಟ್ಟಿದೀಯ ಅಂದ್ಕೊಂಡೆ."

ತಾಯಿ ತಟ್ಟೆಯ ನೀರು ನೋಡಿದಳು. ಅದು ಕನ್ನಡಿಯ ಹಾಗೆ ಸಪಾಟಾಗಿತ್ತು. "ಹೂಂ, ನಾನೇ ಇಟ್ಟಿದ್ದೆ," ಎಂದಳು. ಬೆರಳಿನಿಂದ ನೆಲ ತೋರಿಸಿದಳು. "ಜಾಗ ಇದೇ ಮಗಳೇ. ನೀನು ಬಿದ್ದಿದ್ದೀಯಲ್ಲ, ಇಲ್ಲೇ."

ಮಗಳನ್ನು ಹೆಗಲಿಗೆ ಒರಗಿಸಿಕೊಂಡು ಹೊರಗೆ ಬಂದಾಗ ಸೂಪರ್‌ವೈಸರ್ ಬಾಗಿಲಲ್ಲೇ ನಿಂತಿದ್ದ. ಹುಡುಗಿಯನ್ನು ಕಂಡವನೇ ಗೋಡೆ ಹಿಡಿದು ಕೂತುಬಿಟ್ಟ. ಪಾಪ, ಅವನು ಕೆಟ್ಟವನಲ್ಲ, ಅವನಿಗೂ ಮಕ್ಕಳಿದ್ದರು. ಕೆಲಸದವರಲ್ಲಿ ಎಲ್ಲರಿಗಿಂತ ಹಿರಿಯನಾದ ಸೂಜಿ ಅಜ್ಜ ಮಾತ್ರ ನೆಟ್ಟಗೆ ನಿಂತಿದ್ದ. ಹಲಗೆಯ ಮೇಲೆ ಸ್ವಿಚ್ಚಮ್ಮನ ಚಪ್ಪಲಿಯ ಪಕ್ಕದಲ್ಲಿ ಅವಳ ಗಂಡನದೂ ಇತ್ತು.

"ನಾನೇ ಎತ್ಕೊಂಡ್ ಬಂದಿಟ್ಟೆ ಕಣಮ್ಮ," ಎಂದ ಅಜ್ಜ. "ನಂಗೂ ವಯಸ್ಸಾಯ್ತು. ಹೋದೋರನ್ನ ಎದುರು ಹಾಕ್ಕೊಳ್ಳೋ ಶಕ್ತಿ ಇಲ್ಲ."

ಟ್ಯಾಂಕಿನ ತಳ ಕಾಣುತ್ತಿತ್ತು, ಆಸ್ಪತ್ರೆಯ ಫೋನು ಮತ್ತೆ ಹೊಡೆದುಕೊಳ್ಳುತ್ತಿತ್ತು. ಹಲಗೆಯ ಮೇಲೆ ಚಪ್ಪಲಿ ಇರುವಾಗ ಕರೆಂಟು ಹಾಕು ಎನ್ನುವ ಬಾಯಿ ಅಲ್ಲಿ ಒಂದೂ ಉಳಿದಿರಲಿಲ್ಲ.

ಸ್ವಿಚ್ಚಮ್ಮ ತನ್ನ ಚಪ್ಪಲಿ ತೆಗೆದು ಮಗಳ ಕಾಲಿಗೆ ಹಾಕಿದಳು. ಬೂಟು ಕಳಚಿದಳು. ಗಂಡನ ಚಪ್ಪಲಿಯನ್ನು ನೆಲಕ್ಕಿಳಿಸಿ ತಾನೇ ಮೆಟ್ಟಿಕೊಂಡಳು. ಬಾರು ಇನ್ನೂ ಒದ್ದೆ, ತಣ್ಣಗಿತ್ತು. ಪಾದ ಊರುವ ಜಾಗ ಮಾತ್ರ ಬೆಚ್ಚಗಿತ್ತು, ಈಗಷ್ಟೇ ಯಾರೋ ಬಿಟ್ಟ ಹಾಗೆ.

ಅವಳು ಹಲಗೆ ನೋಡಿದಳು. ಖಾಲಿಯಿತ್ತು. ಸೂಪರ್‌ವೈಸರ್ ಬಾಯಿ ತೆರೆಯುವ ಮೊದಲೇ ಹಿಡಿಯ ಮೇಲೆ ಕೈಯಿಟ್ಟಳು.

"ಎಲ್ರೂ ಬಂದ್ರು," ಎಂದು ಗಟ್ಟಿಯಾಗಿ ಹೇಳಿ, ಎತ್ತಿದಳು.